ಮಗಳ ಸ್ಕಾಲರ್‌ಶಿಪ್ ನಂಬಿಕೊಂಡು ಸಂಘದಲ್ಲಿ ಸಾಲ ಎತ್ತಬಹುದೇ?

ಪ್ರಶ್ನೆ: ಸಾರ್, ನಾವು ಹನೂರು ಕಡೆಯವರು, ಪರಿಶಿಷ್ಟ ಜಾತಿ. ನಮ್ಮ ಯಜಮಾನರದು ಗಾರೆ ಕೆಲಸ, ನಾನು ಕೂಲಿಗೆ ಹೋಗುತ್ತೇನೆ. ಮಗಳು ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲೇ ಓದಿ, ಸೆಕೆಂಡ್ ಪಿಯುಸಿ ಕಾಮರ್ಸನ್ನು ಮೊದಲನೇ ಸಲಕ್ಕೇ ಶೇ. 84 ತೆಗೆದು ಪಾಸು ಮಾಡಿದಳು. ಈಗ ಕೊಳ್ಳೇಗಾಲದಲ್ಲಿ ಸರ್ಕಾರಿ ಡಿಗ್ರಿ ಕಾಲೇಜಿಗೆ ಬಿ.ಕಾಂ. ಸೇರಿದ್ದಾಳೆ. ನಮ್ಮ ಎರಡೂ ಕಡೆಯವರಲ್ಲಿ ಡಿಗ್ರಿಗೆ ಸೇರಿದವಳು ಇವಳೇ ಮೊದಲು. ಸತ್ಯಮಂಗಲದಲ್ಲಿರುವ ನನ್ನ ನಾದಿನಿಯ ಮಗನಿಗೆ ‘ಮನೆಯ ಮೊದಲ ಪದವೀಧರ’ ಅಂತ ಇಂಜಿನಿಯರಿಂಗ್ ಫೀಸನ್ನೇ ಬಿಟ್ಟರಂತೆ. ನಮಗೂ ಅಂಥದ್ದು ಇದೆಯಾ? ಸೈಬರ್ ಸೆಂಟರಿನವರು 600 ರೂಪಾಯಿ ಕೊಡಿ, ವರ್ಷಕ್ಕೆ 25 ಸಾವಿರ ಗ್ಯಾರಂಟಿ ಅನ್ನುತ್ತಾರೆ. ಆದರೆ ಪಕ್ಕದ ಬೀದಿಯ ಹುಡುಗಿಗೆ ಹೋದ ವರ್ಷ ‘ಮಂಜೂರಾಗಿದೆ’ ಅಂತ ಫೋನಿನಲ್ಲಿ ತೋರಿಸಿದ್ದೇ ಬಂತು, ದುಡ್ಡು ಇವತ್ತಿಗೂ ಬಂದಿಲ್ಲ. ಫೀಸು, ಪುಸ್ತಕ, ಬಟ್ಟೆ, ಒಂದು ಫೋನು ಅಂತ ಸಂಘದಲ್ಲಿ 30 ಸಾವಿರ ಸಾಲ ಎತ್ತೋಣ, ಸ್ಕಾಲರ್‌ಶಿಪ್ ಬಂದಾಗ ಕಟ್ಟೋಣ ಅನ್ನುತ್ತಾರೆ ಯಜಮಾನರು. ಎತ್ತಬಹುದಾ ಸಾರ್?

ಉತ್ತರ: ಕೊನೆಯಲ್ಲಿ ಕೇಳಿದ್ದಕ್ಕೇ ಮೊದಲು ಹೇಳಿಬಿಡುತ್ತೇನೆ ತಾಯಿ. ಎತ್ತಬೇಡಿ.

ಸ್ಕಾಲರ್‌ಶಿಪ್ ಬರುವುದಿಲ್ಲ ಅಂತ ಹೀಗೆ ಹೇಳುತ್ತಿಲ್ಲ. ನಿಮ್ಮ ಮಗಳಿಗೆ ಬರಬೇಕಾದ್ದು ಬರುತ್ತದೆ, ನೀವು ಕೇಳದೇ ಇರುವ ಇನ್ನೂ ಒಂದೆರಡು ದುಡ್ಡಿನ ದಾರಿ ಅವಳಿಗಿದೆ. ಆದರೆ ಸಂಘದ ಕಂತು ಮುಂದಿನ ವಾರದಿಂದಲೇ ಶುರು. ಸ್ಕಾಲರ್‌ಶಿಪ್ಪಿಗೆ ವಾರ ತಿಥಿ ಏನೂ ಇಲ್ಲ. ಸರ್ಕಾರಿ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತಾ ಹದಿಮೂರು ವರ್ಷ ಸ್ಕಾಲರ್‌ಶಿಪ್ ವಿಭಾಗವನ್ನೂ ನೋಡಿಕೊಂಡವನು ನಾನು. ಮೊದಲ ವರ್ಷದ ಹಣ ಎರಡನೇ ವರ್ಷದ ಪಾಠ ಶುರುವಾದ ಮೇಲೆ ಬಂದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಅಷ್ಟರೊಳಗೆ ಬಡ್ಡಿಗೆ ಹೆದರಿ ಕಾಲೇಜು ಬಿಟ್ಟು ಗಾರ್ಮೆಂಟ್ಸಿಗೆ ಸೇರಿಕೊಂಡ ಹುಡುಗಿಯರ ಮುಖ ಇನ್ನೂ ನೆನಪಿದೆ. ಅವರಲ್ಲಿ ಒಬ್ಬಳ ಹಣ, ಅವಳು ಟಿ.ಸಿ. ತೆಗೆದುಕೊಂಡು ಹೋದ ಎರಡು ತಿಂಗಳಿಗೆ ಖಾತೆಗೆ ಬಂತು.

ಈಗ ‘ಮೊದಲ ಪದವೀಧರ’ ವಿಷಯ. ನಿಮ್ಮ ನಾದಿನಿ ಹೇಳಿದ್ದು ಸುಳ್ಳಲ್ಲ. ತಮಿಳುನಾಡಿನಲ್ಲಿ 2010-11ರಿಂದ ಆ ಯೋಜನೆ ಇದೆ. ಮನೆಯಲ್ಲಿ ಅದಕ್ಕೂ ಮೊದಲು ಯಾರೂ ಪದವಿ ಪಡೆದಿಲ್ಲ ಎಂದು ಕಂದಾಯ ಇಲಾಖೆಯಿಂದ ಸರ್ಟಿಫಿಕೇಟ್ ತಂದರೆ, ಕೌನ್ಸೆಲಿಂಗ್ ಮೂಲಕ ಇಂಜಿನಿಯರಿಂಗ್‌ನಂಥ ವೃತ್ತಿಪರ ಕೋರ್ಸು ಸೇರಿದವರಿಗೆ ಬೋಧನಾ ಶುಲ್ಕ ಬಿಡುತ್ತಾರೆ. ಅದು ಆ ರಾಜ್ಯದ ಮಕ್ಕಳಿಗೆ, ಆ ಕೋರ್ಸುಗಳಿಗೆ. ನಮ್ಮಲ್ಲಿ ಬಿ.ಕಾಂ.ಗೆ ಆ ಹೆಸರಿನ ಅರ್ಜಿ ಇಲ್ಲ. ಗಡಿಯ ತಾಲ್ಲೂಕುಗಳಲ್ಲಿ ನೆಂಟಸ್ತಿಕೆ ಆಚೆಗೂ ಈಚೆಗೂ ಇರುವುದರಿಂದ ಈ ಮಾತು ಪ್ರತಿ ಜೂನಿನಲ್ಲೂ ಎದ್ದು ಬರುತ್ತದೆ. ನಾಡಕಚೇರಿಯಲ್ಲಿ ಆ ಸರ್ಟಿಫಿಕೇಟಿಗಾಗಿ ಅಲೆಯಬೇಡಿ, ಎರಡು ದಿನದ ಕೂಲಿ ದಂಡ.

ನಿಮ್ಮ ಮಗಳಿಗೆ ನೇರವಾಗಿ ಸಲ್ಲುವುದು ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ. ತಂದೆತಾಯಿಯ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ದಾಟಿರಬಾರದು. ಅಂಕದ ಲೆಕ್ಕ ಇದಕ್ಕಿಲ್ಲ. ‘ಶೇ. 90 ಇದ್ದರೆ ಮಾತ್ರ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅರ್ಜಿ ಹಾಕುವುದು ರಾಜ್ಯದ ಎಸ್‌ಎಸ್‌ಪಿ, ಅಂದರೆ ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್ ಎಂಬ ವೆಬ್‌ಸೈಟಿನಲ್ಲಿ. ಬರುವುದೆಷ್ಟು? ಕೇಂದ್ರದ ಮಾರ್ಗಸೂಚಿಯ ಪ್ರಕಾರ ಬಿ.ಕಾಂ.ನಂಥ ಸಾಮಾನ್ಯ ಪದವಿಗೆ ಮನೆಯಿಂದ ಓಡಾಡುವವರಿಗೆ ವರ್ಷಕ್ಕೆ 3,000 ರೂ., ಹಾಸ್ಟೆಲಿನಲ್ಲಿ ಇರುವವರಿಗೆ 6,000 ರೂ. ಭತ್ಯೆ. ಜೊತೆಗೆ ಕಾಲೇಜಿಗೆ ಕಟ್ಟಲೇಬೇಕಾದ, ವಾಪಸು ಬಾರದ ಶುಲ್ಕ. ಸರ್ಕಾರಿ ಕಾಲೇಜಿನ ಶುಲ್ಕವೇ ಕಡಿಮೆ. ಹೆಣ್ಣುಮಕ್ಕಳಿಗೆ ಅದರಲ್ಲೂ ಬೋಧನಾ ಶುಲ್ಕದ ವಿನಾಯಿತಿ ಇದೆ. ಇವನ್ನೆಲ್ಲ ಕೂಡಿಸಿದರೂ ಸೈಬರಿನವರು ಹೇಳುವ 25 ಸಾವಿರ ಆಗುವುದಿಲ್ಲ. 30 ಸಾವಿರ ಸಾಲಕ್ಕೆ ಈ ಹಣವನ್ನು ಎದುರಿಗಿಡಬೇಡಿ ಎನ್ನುವುದಕ್ಕೆ ಇದು ಎರಡನೇ ಕಾರಣ.

ಇನ್ನೊಂದು ತಿಳಿದಿರಲಿ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ತೀರ್ಮಾನಿಸಿದ ಮೇಲೆ ಈ ವೇತನದಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ ಪಾಲು ಶೇ. 40. ರಾಜ್ಯ ಅರ್ಜಿ ಪರಿಶೀಲಿಸಿ ತನ್ನ ಪಾಲು ಹಾಕಿದ ಮೇಲೆ ಕೇಂದ್ರ ತನ್ನ ಪಾಲನ್ನು ವಿದ್ಯಾರ್ಥಿಯ ಖಾತೆಗೇ ಹಾಕುತ್ತದೆ. ಅಂದರೆ ಹಣ ಎರಡು ತುಂಡಾಗಿ, ಬೇರೆ ಬೇರೆ ದಿನ ಬರುತ್ತದೆ. ಮೊದಲ ತುಂಡು ನೋಡಿ ‘ಅರ್ಧ ದುಡ್ಡು ಕಾಲೇಜಿನವರು ಹೊಡೆದರು’ ಎಂದು ಜಗಳಕ್ಕೆ ಬಂದ ಅಪ್ಪಂದಿರನ್ನು ಕೂರಿಸಿ ನೀರು ಕೊಟ್ಟು ಇದನ್ನೇ ವಿವರಿಸಿದ್ದೇನೆ. ಅವರ ಸಿಟ್ಟಿನಲ್ಲಿ ತಪ್ಪಿರಲಿಲ್ಲ, ಮೊದಲೇ ಯಾರೂ ಹೇಳಿರಲಿಲ್ಲ ಅಷ್ಟೆ.

ಮಗಳ ಗೆಳತಿಯರಲ್ಲಿ ಯಾರಾದರೂ ‘ನನಗೆ 15 ಸಾವಿರ ಬಂತು’ ಅಂದರೆ ಅದು ವಿದ್ಯಾಸಿರಿ ಇರಬಹುದು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆಂದು ತಿಂಗಳಿಗೆ 1,500 ರೂ.ನಂತೆ ಹತ್ತು ತಿಂಗಳು ಕೊಡುವ ಹಣ ಅದು. ಪೋರ್ಟಲ್ ಒಂದೇ ಆದರೂ ಹಿಂದೆ ಇಲಾಖೆಗಳು ಬೇರೆ. ನಿಮ್ಮ ಅರ್ಜಿ ಹೋಗುವುದು ಸಮಾಜ ಕಲ್ಯಾಣ ಇಲಾಖೆಗೆ, ಅವರದು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗೆ. ಒಬ್ಬರಿಗೆ ಬಂದಷ್ಟೇ ಇನ್ನೊಬ್ಬರಿಗೂ ಬರಬೇಕೆಂದಿಲ್ಲ.

ಇನ್ನು ನೀವು ಕೇಳದೇ ಇರುವ ದುಡ್ಡಿನ ವಿಷಯ. ನಿಮ್ಮ ಪತ್ರದಲ್ಲಿ ‘ಮೊದಲನೇ ಸಲಕ್ಕೇ ಶೇ. 84’ ಎಂದು ಓದಿದಾಗಲೇ ನನಗೆ ಇದು ಹೊಳೆದದ್ದು. ಪರಿಶಿಷ್ಟ ವಿದ್ಯಾರ್ಥಿಗಳು ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದರೆ ಸಮಾಜ ಕಲ್ಯಾಣ ಇಲಾಖೆ ಪ್ರೋತ್ಸಾಹಧನ ಕೊಡುತ್ತದೆ. ಕಚೇರಿಗಳಲ್ಲಿ ಇದನ್ನು ‘ಪ್ರೈಜ್ ಮನಿ’ ಅನ್ನುತ್ತಾರೆ. ಸೆಕೆಂಡ್ ಪಿಯುಸಿಗೆ 20,000 ರೂ., ಪದವಿಗೆ 25,000 ರೂ. ಇದು ಬಿ.ಕಾಂ. ಓದುವುದಕ್ಕೆ ಕೊಡುವ ವೇತನ ಅಲ್ಲ, ಪಿಯುಸಿಯಲ್ಲಿ ಆಗಲೇ ಪಾಸಾದದ್ದಕ್ಕೆ ಕೊಡುವ ಬಹುಮಾನ. ಅದಕ್ಕೆ ಬೇರೆಯೇ ಅರ್ಜಿ, ಬೇರೆಯೇ ಗಡುವು. ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ್ದೇನಲ್ಲ ಎಂದು ಸುಮ್ಮನೆ ಕೂತವರಿಗೆ ಇದು ಬರುವುದಿಲ್ಲ. ಪಿಯು ಕಾಲೇಜಿನವರು ‘ಮಗು ಹೊರಟುಹೋಯಿತು’ ಎಂದು ಸುಮ್ಮನಾಗುತ್ತಾರೆ, ಡಿಗ್ರಿ ಕಾಲೇಜಿನವರು ‘ಇದು ನಮ್ಮ ಕೋರ್ಸಿನದಲ್ಲ’ ಎನ್ನುತ್ತಾರೆ. ನಡುವೆ 20 ಸಾವಿರ ಕೈತಪ್ಪುತ್ತದೆ. ಮನೆಯಲ್ಲಿ ಹೇಳಿಕೊಡುವ ಅಣ್ಣನೋ ಅಕ್ಕನೋ ಇರುವ ಮಕ್ಕಳು ಇದನ್ನು ತಪ್ಪಿಸಿಕೊಳ್ಳುವುದಿಲ್ಲ. ನಿಮ್ಮ ಮಗಳಂತೆ ಮೊದಲಿಗರಾಗಿ ಬಂದವರೇ ಹೆಚ್ಚು ತಪ್ಪಿಸಿಕೊಳ್ಳುವುದು, ನನಗೆ ನೋವಾಗುವುದೂ ಅಲ್ಲೇ. ತಾಲ್ಲೂಕಿನ ಸಮಾಜ ಕಲ್ಯಾಣ ಇಲಾಖೆಯ ಕಚೇರಿಗೆ ಮಾರ್ಕ್ಸ್ ಕಾರ್ಡ್, ಜಾತಿ ಪ್ರಮಾಣಪತ್ರ, ಆಧಾರ್, ಪಾಸ್‌ಬುಕ್ ಹಿಡಿದು ಹೋಗಿ ‘ಈ ಸಾಲಿನ ಪ್ರೈಜ್ ಮನಿ ಅರ್ಜಿ ಯಾವಾಗ?’ ಎಂದು ಕೇಳಿ.

ಎರಡನೆಯದು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ಸ್ಕಾಲರ್‌ಶಿಪ್. ಹತ್ತನೇ ತರಗತಿ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿ ಪದವಿಯ ಮೊದಲ ವರ್ಷಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂ. 2025-26ರಿಂದ ಕರ್ನಾಟಕದ ಹುಡುಗಿಯರಿಗೂ ತೆರೆದಿದೆ. ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು. ಅರ್ಜಿಗೆ ಶುಲ್ಕ ಇಲ್ಲ, ಏಜೆಂಟರೂ ಇಲ್ಲ, ಅವರ ವೆಬ್‌ಸೈಟಿನಲ್ಲೇ ತುಂಬಬೇಕು. ನಿಮ್ಮ ಮಗಳ ಓದಿನ ದಾರಿ ಇದಕ್ಕೆ ಸರಿಯಾಗಿ ಹೊಂದುತ್ತದೆ. ಈ ವರ್ಷದ ಗಡುವನ್ನು ಇವತ್ತೇ ನೋಡಿ.

ಮೂರನೆಯದರಲ್ಲಿ ಸ್ವಲ್ಪ ತೊಡಕಿದೆ. ಪಿಯುಸಿ ಅಂಕದ ಮೇಲೆ ಕೇಂದ್ರ ಸರ್ಕಾರ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ವೇತನ ಕೊಡುತ್ತದೆ. ಎನ್‌ಎಸ್‌ಪಿ ಎಂಬ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ, ಪದವಿಗೆ ವರ್ಷಕ್ಕೆ 12,000 ರೂ., ಮನೆಯ ಆದಾಯ 4.5 ಲಕ್ಷದೊಳಗೆ. ‘80 ಪರ್ಸೆಂಟೈಲ್’ ಎಂದು ಅಲ್ಲಿ ಬರೆದಿರುವುದನ್ನು ಶೇ. 80 ಅಂಕ ಎಂದು ಎಲ್ಲರೂ ತಪ್ಪು ತಿಳಿಯುತ್ತಾರೆ. ಅದು ಹಾಗಲ್ಲ. ನಮ್ಮ ಬೋರ್ಡಿನ ಕಾಮರ್ಸಿನಲ್ಲಿ ಪಾಸಾದ ನೂರು ಮಂದಿಯನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಮೇಲಿನ ಇಪ್ಪತ್ತರಲ್ಲಿ ನಿಮ್ಮ ಮಗಳು ಇರಬೇಕು. ಶೇ. 84ಕ್ಕೆ ಅದು ಸಿಕ್ಕರೂ ಸಿಗಬಹುದು, ಸಿಗದೆಯೂ ಹೋಗಬಹುದು. ಇಡೀ ದೇಶಕ್ಕೆ ವರ್ಷಕ್ಕೆ ಹೊಸದಾಗಿ ಕೊಡುವುದೇ 82,000 ಮಂದಿಗೆ, ಅದರಲ್ಲಿ ಅರ್ಧ ಹುಡುಗಿಯರಿಗೆ. ಇದನ್ನು ಪಡೆದರೆ ಇನ್ನೊಂದು ಸರ್ಕಾರಿ ವೇತನ ಇಟ್ಟುಕೊಳ್ಳುವಂತಿಲ್ಲ. ಆದ್ದರಿಂದ ಎಸ್‌ಎಸ್‌ಪಿ ಅರ್ಜಿಯನ್ನು ಬಿಟ್ಟು ಇದರ ಹಿಂದೆ ಹೋಗುವುದು ನನ್ನ ಪ್ರಕಾರ ಅಪಾಯ. ಅದನ್ನು ಮೊದಲು ಹಾಕಲಿ. ಇದರಲ್ಲೂ ಆಯ್ಕೆಯಾದರೆ ಯಾವುದು ಲಾಭ ಎಂದು ಲೆಕ್ಕ ಹಾಕಿ, ಒಂದನ್ನು ಬಿಡುತ್ತೇನೆಂದು ಕಾಲೇಜಿನ ಮೂಲಕ ಬರೆದುಕೊಡಲಿ. ಎರಡನ್ನೂ ಸದ್ದಿಲ್ಲದೆ ತೆಗೆದುಕೊಂಡವರಿಂದ ಹಣ ವಾಪಸು ಕೇಳುತ್ತಾರೆ, ಆಗ ಆ ಹಣ ಮನೆಯಲ್ಲಿ ಉಳಿದಿರುವುದಿಲ್ಲ.

ನಿಮ್ಮ ಯಜಮಾನರಿಗೆ ಕಟ್ಟಡ ಕಾರ್ಮಿಕರ ಮಂಡಳಿಯ ಲೇಬರ್ ಕಾರ್ಡ್ ಇದೆಯೇ ಎಂದು ನೀವು ಬರೆದಿಲ್ಲ. ನೋಂದಾಯಿತ ಕಾರ್ಮಿಕರ ಮಕ್ಕಳಿಗೆ ಮಂಡಳಿಯ ಶೈಕ್ಷಣಿಕ ಸಹಾಯಧನ ಇದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರುವ, 18ರಿಂದ 60 ವಯಸ್ಸಿನ ಯಾರೂ ನೋಂದಾಯಿಸಿಕೊಳ್ಳಬಹುದು. ಅವರು ಮಾಡುತ್ತಿರುವುದು ಅದೇ ಕೆಲಸ ಅಲ್ಲವೇ. ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಿ.

ಈಗ ಪಕ್ಕದ ಬೀದಿಯ ಹುಡುಗಿಯ ಕಥೆಗೆ ಬರೋಣ. ಮಂಜೂರಾದ ಮೇಲೂ ಹಣ ಬರದಿದ್ದರೆ ಹತ್ತರಲ್ಲಿ ಎಂಟು ಸಲ ಸಿಕ್ಕಿಕೊಂಡಿರುವುದು ಬ್ಯಾಂಕ್ ಖಾತೆಯ ಹತ್ತಿರ. ಈ ಹಣವನ್ನು ಖಾತೆ ನಂಬರ್ ನೋಡಿ ಹಾಕುವುದಿಲ್ಲ, ಆಧಾರ್ ನಂಬರ್ ನೋಡಿ ಹಾಕುತ್ತಾರೆ. ಯಾವ ಆಧಾರ್ ಯಾವ ಬ್ಯಾಂಕಿಗೆ ಸೇರಿದ್ದು ಎಂಬ ದೊಡ್ಡ ಪಟ್ಟಿಯೊಂದು ಎನ್‌ಪಿಸಿಐ ಎಂಬ ಸಂಸ್ಥೆಯ ಹತ್ತಿರ ಇದೆ. ಒಂದು ಆಧಾರಿಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕ್, ಕೊನೆಗೆ ಜೋಡಿಸಿದ್ದು ಯಾವುದೋ ಅದು. ಬ್ಯಾಂಕಿನಲ್ಲಿ ‘ಆಧಾರ್ ಲಿಂಕ್ ಆಗಿದೆ’ ಅಂದರೆ ಅದು ಗುರುತಿಗಾಗಿ ಕೊಟ್ಟ ಜೆರಾಕ್ಸ್ ಅಷ್ಟೇ ಆಗಿರಬಹುದು, ಪಟ್ಟಿಗೆ ಹೆಸರು ಹೋಗಿಲ್ಲದೆ ಇರಬಹುದು. ಎರಡೂ ಬೇರೆ ಬೇರೆ. ಕೇಳಬೇಕಾದ ಮಾತು ಇದು: ‘ಸಾರ್, ಡಿಬಿಟಿಗೆ ಆಧಾರ್ ಸೀಡಿಂಗ್ ಆಗಿದೆಯಾ, ಎನ್‌ಪಿಸಿಐನಲ್ಲಿ ಆಕ್ಟಿವ್ ಇದೆಯಾ?’ ಡಿಬಿಟಿ ಅಂದರೆ ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವುದು, ಸೀಡಿಂಗ್ ಅಂದರೆ ಖಾತೆಯ ಆಧಾರನ್ನು ಆ ಪಟ್ಟಿಗೆ ಸೇರಿಸುವುದು. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಎಂಬ ಕಡೆ ಮಗಳೇ ಒಟಿಪಿ ಹಾಕಿ ನೋಡಬಹುದು.

ನನ್ನ ವಿದ್ಯಾರ್ಥಿನಿಯೊಬ್ಬಳು ಒಂದೂವರೆ ವರ್ಷ ಸಮಾಜ ಕಲ್ಯಾಣ ಕಚೇರಿಗೆ ಅಲೆದಳು. ಪ್ರತಿ ಸಲವೂ ‘ಹಣ ಹೋಗಿದೆಯಮ್ಮ’ ಎಂದೇ ಉತ್ತರ. ಹಣ ನಿಜವಾಗಿಯೂ ಹೋಗಿತ್ತು. ಹಿಂದೆ ಸಿಮ್ ಕೊಳ್ಳುವಾಗ ಅಂಗಡಿಯವನು ಹೆಬ್ಬೆಟ್ಟು ಒತ್ತಿಸಿಕೊಂಡು ತೆರೆದಿದ್ದ ಪೇಮೆಂಟ್ಸ್ ಬ್ಯಾಂಕ್ ಖಾತೆಯಲ್ಲಿ ಅದು ಕೂತಿತ್ತು. ಅಂಥ ಖಾತೆ ಇರುವುದೇ ಅವಳಿಗೆ ಗೊತ್ತಿರಲಿಲ್ಲ. ಅಷ್ಟು ದಿನದ ಬಸ್ ಓಡಾಟ, ಅವಳು ಬಿಟ್ಟ ಕ್ಲಾಸುಗಳು, ಎಲ್ಲವೂ ಹತ್ತು ನಿಮಿಷದಲ್ಲಿ ನೋಡಿ ತಿಳಿಯಬಹುದಾಗಿದ್ದ ಒಂದು ವಿಷಯಕ್ಕೆ. ಬ್ಯಾಂಕಿನಲ್ಲಿ ಸತಾಯಿಸಿದರೆ ಅಂಚೆ ಕಚೇರಿಗೆ ಹೋಗಿ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಆಧಾರ್ ಸೇರಿಸಿ ಖಾತೆ ತೆರೆಯುವುದು ಹಳ್ಳಿಯವರಿಗೆ ಸುಲಭವಾಗಿದೆ. ಒಂದು ಎಚ್ಚರಿಕೆ ಮಾತ್ರ. ಹೊಸ ಖಾತೆಗೆ ಸೀಡಿಂಗ್ ಮಾಡಿಸಿದರೆ ಅವಳ ಆಧಾರಿಗೆ ಬರುವ ಎಲ್ಲ ಸರ್ಕಾರಿ ಹಣವೂ ಇನ್ನು ಅಲ್ಲಿಗೇ ಬರುತ್ತದೆ.

ಎರಡನೇ ತೊಡಕು ಹೆಸರಿನದು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ‘ಅಮ್ಮ’ ಸೇರಿಸಿ ಇನ್ನೊಂದು, ಜಾತಿ ಪ್ರಮಾಣಪತ್ರದಲ್ಲಿ ಇನಿಷಿಯಲ್ ಹಿಂದೆ ಮುಂದೆ. ನಮಗೆ ಅವೆಲ್ಲ ಒಬ್ಬಳೇ ಹುಡುಗಿ, ಕಂಪ್ಯೂಟರಿಗೆ ಮೂವರು. ಸರಿಪಡಿಸುವುದಿದ್ದರೆ ಎಸ್‌ಎಸ್‌ಎಲ್‌ಸಿ ಕಾರ್ಡನ್ನು ಮುಟ್ಟಲು ಹೋಗಬೇಡಿ, ಅದನ್ನೇ ದಾಖಲೆಯಾಗಿ ಕೊಟ್ಟು ಆಧಾರನ್ನು ಅದಕ್ಕೆ ಹೊಂದಿಸಿ. ಆಧಾರಿನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಹಾಗಾಗಿ ಅಕ್ಷರ ಅಕ್ಷರವನ್ನೂ ಮಗಳೇ ಓದಿ ಒಪ್ಪಲಿ. ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ‘ಆರ್‌ಡಿ’ ಎಂದು ಶುರುವಾಗುವ ನಂಬರ್ ಹಾಕಿದಾಗ ಪೋರ್ಟಲ್ ಮಾಹಿತಿಯನ್ನು ತಾನೇ ಎಳೆದುಕೊಳ್ಳುತ್ತದೆ. ಪರಿಶಿಷ್ಟರ ಜಾತಿ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವ ಚಿಂತೆ ಇಲ್ಲ, ಆದಾಯದ್ದಕ್ಕೆ ಐದು ವರ್ಷದ ಮಿತಿ. ಹೈಸ್ಕೂಲಿನಲ್ಲಿ ಮಾಡಿಸಿದ್ದೇ ಇದ್ದರೆ ತಾರೀಖು ನೋಡಿ.

ಸೈಬರ್ ಸೆಂಟರಿನವರ ಬಗ್ಗೆ. ಅವರು ಎಲ್ಲರೂ ಮೋಸಗಾರರಲ್ಲ, ಟೈಪ್ ಮಾಡಿದ್ದಕ್ಕೆ, ಪ್ರಿಂಟ್ ಕೊಟ್ಟಿದ್ದಕ್ಕೆ ನ್ಯಾಯವಾದ ಕೂಲಿ ಕೊಡಿ. ಆದರೆ ಅರ್ಜಿಗೆ ಸರ್ಕಾರ ಒಂದು ರೂಪಾಯಿಯನ್ನೂ ಕೇಳುವುದಿಲ್ಲ, ಗ್ಯಾರಂಟಿ ಕೊಡುವ ಅಧಿಕಾರ ಯಾವ ಸೈಬರಿಗೂ ಇಲ್ಲ. ನಾನು ನೋಡಿದ ದೊಡ್ಡ ತೊಂದರೆ ಬೇರೆಯದೇ. ಅವಸರದಲ್ಲಿ ಅವರು ತಮ್ಮ ಮೊಬೈಲ್ ನಂಬರನ್ನೇ ಅರ್ಜಿಯಲ್ಲಿ ತುಂಬುತ್ತಾರೆ. ಮರುವರ್ಷ ಲಾಗಿನ್ ಆಗಲು ಒಟಿಪಿ ಅವರಿಗೆ ಹೋಗುತ್ತದೆ, ಅಷ್ಟರಲ್ಲಿ ಅಂಗಡಿಯೇ ಇರುವುದಿಲ್ಲ. ನಿಮ್ಮ ಮನೆಯ ನಂಬರೇ ಹಾಕಿಸಿ, ಅರ್ಜಿಯ ಗುರುತಿನ ಸಂಖ್ಯೆ, ಪಾಸ್‌ವರ್ಡ್ ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅರ್ಜಿಯನ್ನು ಪ್ರತಿ ವರ್ಷವೂ ಹಾಕಬೇಕು, ಒಂದು ಸಲ ಹಾಕಿದರೆ ಮೂರು ವರ್ಷಕ್ಕೆ ಸಾಕು ಎಂಬುದು ತಪ್ಪು. ಅರ್ಜಿಗೆ ಮೊದಲು ಕಾಲೇಜಿನಲ್ಲಿ ದಾಖಲೆಗಳ ಇ-ದೃಢೀಕರಣ, ಅಂದರೆ ದಾಖಲೆ ನೋಡಿ ಸರಿ ಇದೆ ಎಂದು ಆನ್‌ಲೈನಿನಲ್ಲಿ ಒಪ್ಪುವುದು, ಆಗಬೇಕು. ಅದಕ್ಕೊಬ್ಬರು ಅಧಿಕಾರಿ ಇರುತ್ತಾರೆ, ಕೊನೆಯ ವಾರ ಅವರ ಬಾಗಿಲಲ್ಲಿ ಜಾತ್ರೆ. ಹಾಜರಾತಿ ಶೇ. 75ಕ್ಕಿಂತ ಇಳಿದರೆ ವೇತನಕ್ಕೆ ಕುತ್ತು.

ಹಾಗಾದರೆ ಈ ಮೊದಲ ವರ್ಷವನ್ನು ದಾಟುವುದು ಹೇಗೆ? ನಿಮ್ಮ 30 ಸಾವಿರದ ಪಟ್ಟಿಯನ್ನು ಬಿಡಿಸಿ ನೋಡಿದರೆ ಅಷ್ಟು ಬೇಕಾಗುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಹನೂರಿನಿಂದ ಕೊಳ್ಳೇಗಾಲಕ್ಕೆ ಸರ್ಕಾರಿ ಬಸ್ಸಿನಲ್ಲಿ ಮಗಳಿಗೆ ಚಾರ್ಜಿಲ್ಲ. ಫೀಸಿನ ವಿಷಯದಲ್ಲಿ ಪ್ರಿನ್ಸಿಪಾಲರಿಗೆ ಬಾಯಿಮಾತಲ್ಲದೆ ಬರಹದಲ್ಲಿ ಅರ್ಜಿ ಕೊಡಿ. ಪರಿಶಿಷ್ಟ ವಿದ್ಯಾರ್ಥಿಗಳಿಂದ ಪ್ರವೇಶದ ಹೊತ್ತಿಗೆ ಶುಲ್ಕ ಕೇಳದೆ, ವೇತನ ಬಂದ ಮೇಲೆ ಪಡೆಯಲು ಕೇಂದ್ರದ ಮಾರ್ಗಸೂಚಿಯಲ್ಲೇ ಫ್ರೀಶಿಪ್ ಕಾರ್ಡಿನ ವ್ಯವಸ್ಥೆ ಇದೆ. ಆಗದು ಎಂದರೆ ಕಂತು ಕೇಳಿ. ಆಗಲೇ ಕಟ್ಟಿದ್ದರೆ ರಸೀದಿ ಜೋಪಾನ. ಪುಸ್ತಕಕ್ಕೆ ಲೈಬ್ರರಿಯಲ್ಲಿ ‘ಎಸ್‌ಸಿ-ಎಸ್‌ಟಿ ಬುಕ್ ಬ್ಯಾಂಕ್’ ಇದೆಯೇ ಕೇಳಲಿ. ಸರ್ಕಾರಿ ಕಾಲೇಜುಗಳಲ್ಲಿ ಸೆಮಿಸ್ಟರ್ ಪೂರ್ತಿ ಇಟ್ಟುಕೊಳ್ಳಲು ಪುಸ್ತಕ ಕೊಡುತ್ತಾರೆ, ಕೇಳಿದವರಿಗೆ ಮಾತ್ರ. ಉಳಿಯುವುದು ಫೋನು. ಹೊಸದು ಈಗಲೇ ಬೇಡ, ಪ್ರೈಜ್ ಮನಿ ಬಂದ ಮೇಲೆ ಅವಳ ಅಂಕದ ದುಡ್ಡಿನಲ್ಲೇ ಕೊಳ್ಳಲಿ.

ದಿನದ ಓಡಾಟ ಭಾರವಾದರೆ ಮೆಟ್ರಿಕ್ ನಂತರದ ಹಾಸ್ಟೆಲಿಗೆ ರಾಜ್ಯದ ಹಾಸ್ಟೆಲ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಊಟ, ವಸತಿ ಉಚಿತ. ಊಟ, ವಸತಿ ಸರ್ಕಾರವೇ ಕೊಡುವುದರಿಂದ ಕೈಗೆ ಬರುವ ನಗದು ಆಗ ಕಡಿಮೆಯಾಗುತ್ತದೆ ಎಂದು ಕೆಲವರು ಬೇಡ ಅನ್ನುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಸಂಜೆ ಮನೆಗೆ ಬಂದರೆ ನೀರು, ಸೌದೆ, ಅಡುಗೆ ಹುಡುಗಿಯ ಪಾಲಿಗೇ ಬೀಳುತ್ತದೆ. ಹಾಸ್ಟೆಲಿನಲ್ಲಿ ಆ ಎರಡು ಗಂಟೆ ಅವಳದು. ಆದರೆ ಸೀಟು ಎಲ್ಲರಿಗೂ ಸಿಗುವುದಿಲ್ಲ, ಅವಳಿಗೆ ಇಷ್ಟವಿದೆಯೇ ಎನ್ನುವುದನ್ನೂ ಕೇಳಿ.

ಇಷ್ಟಾದ ಮೇಲೂ ನಾಲ್ಕೈದು ಸಾವಿರ ಕಡಿಮೆ ಬಿದ್ದರೆ, ಕೂಲಿಯಲ್ಲಿ ತೀರಿಸಲು ಆಗುವಷ್ಟನ್ನು ಮಾತ್ರ ಕೈಸಾಲ ಮಾಡಿ. ಸ್ಕಾಲರ್‌ಶಿಪ್ಪನ್ನು ಆ ಲೆಕ್ಕಕ್ಕೆ ತರಬೇಡಿ. ಬಂದಾಗ ಅದು ಮುಂದಿನ ಸೆಮಿಸ್ಟರಿಗಿರಲಿ.

ಈ ವಾರ ಒಂದು ದಿನ ಕೂಲಿ ಬಿಟ್ಟು ಮಗಳ ಜೊತೆ ಮೊದಲು ಬ್ಯಾಂಕಿಗೆ, ಅಲ್ಲಿಂದ ಸಮಾಜ ಕಲ್ಯಾಣ ಕಚೇರಿಗೆ ಹೋಗಿ ಬನ್ನಿ. ಹೋಗುವಾಗ ಆ ಪಕ್ಕದ ಬೀದಿಯ ಹುಡುಗಿಯನ್ನೂ ಕರೆದುಕೊಂಡು ಹೋಗಿ, ಅವಳ ಆಧಾರ್ ಯಾವ ಬ್ಯಾಂಕಿಗೆ ಸೇರಿದೆ ಎಂದು ನೋಡಿಸಿ. ಖಾತೆ ಸರಿಯಾದ ಮೇಲೆ ತಡೆದಿದ್ದ ಹಣವನ್ನು ಮತ್ತೆ ಕಳಿಸಿದ್ದನ್ನು ನನ್ನ ಕಾಲೇಜಿನಲ್ಲೇ ಹಲವು ಸಲ ನೋಡಿದ್ದೇನೆ.